ಎಲೆ ಎಷ್ಟು?

ಬೆಳಗಾಗುತ್ತಲೇ ವಾಟ್ಸ್ಯಾಪಿಗೆ ಬಂದು ಬೀಳುವ ಶುಭೋದಯದ ಸ್ಟಿಕರ್‌ಗಳಿಗೂ ನಮ್ಮೂರಿನ ತಾಳಮದ್ದಳೆಗೂ ನಂಟು ಉಂಟು ಎಂದರೆ ಚಿಕ್ಕಪ್ಪ ನಂಬುವುದಿಲ್ಲ. ಆದರೆ ಉಂಟು. ಸ್ಟಿಕರಿನ ಫೈಲನ್ನು ಬಿಚ್ಚಿ ನೋಡಿದರೆ ಮೊದಲ ನಾಲ್ಕು ಬೈಟ್‌ಗಳು ಆರ್, ಐ, ಎಫ್, ಎಫ್. ನಾನು ರೆಕಾರ್ಡ್ ಮಾಡಿದ ಕರ್ಣಪರ್ವದ ವೇವ್ ಫೈಲಿನಲ್ಲೂ ಮೊದಲ ನಾಲ್ಕು ಅವೇ. ಒಂದರೊಳಗೆ ಗುಲಾಬಿ ಹೂವು, ಇನ್ನೊಂದರೊಳಗೆ ಕರ್ಣ ಶಲ್ಯರ ಜಗಳ. ಕಟ್ಟು ಮಾತ್ರ ಒಂದೇ.

ಆ ಕರ್ಣಪರ್ವವೇ ನನ್ನನ್ನು ಬೈಟ್‌ಗಳ ಬುಡಕ್ಕೆ ಎಳೆದದ್ದು. ನಡುರಾತ್ರಿ ಕಳೆದು, ಶಲ್ಯ ಸಿಟ್ಟಿನಿಂದ ರಥವಿಳಿದು ಹೋಗುವ ಹೊತ್ತಿಗೆ ರೆಕಾರ್ಡರಿನ ಬ್ಯಾಟರಿಯೂ ಹೋಯಿತು. ಮರುದಿನ ನೋಡಿದರೆ ಫೈಲು ಇದೆ, ದೊಡ್ಡದಾಗಿಯೇ ಇದೆ, ಮೊಬೈಲಿಗೆ ಹಾಕಿದರೆ ಮಾತ್ರ ಸೊನ್ನೆ ಸೆಕೆಂಡ್! ಅವತ್ತಿನ ಕರ್ಣ ಚಿಕ್ಕಪ್ಪನೇ. "ಪೆಟ್ಟಿಗೆಯಲ್ಲಿ ಎಂತದಾದ್ರೂ ಉಂಟಾ ಇಲ್ವಾ ಮಾರಾಯ?" ಎಂದು ಕೇಳಿದರು.

ಎಲ್ಲವೂ ಇತ್ತು, ಉದ್ದದ ಲೆಕ್ಕದ ಹೊರತು. ಇದಕ್ಕೆ 1985ಕ್ಕೆ ಹೋಗಬೇಕು. ಅಮಿಗಾ ಎಂಬ ಕಂಪ್ಯೂಟರ್ ಮಾರುಕಟ್ಟೆಗೆ ಬಂದ ವರ್ಷ ಅದು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯಲ್ಲಿದ್ದ ಜೆರ್ರಿ ಮಾರಿಸನ್, ಚಿತ್ರವಾಗಲಿ ಸದ್ದಾಗಲಿ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವಂತಾಗಲಿ ಎಂದು ಐಎಫ್‌ಎಫ್ ಎಂಬ ಫೈಲ್ ಕ್ರಮವನ್ನು ರೂಪಿಸಿದ. ಫೈಲೆಂದರೆ ಚಂಕ್‌ಗಳ ಸಾಲು. ಪ್ರತಿ ಚಂಕಿಗೆ ನಾಲ್ಕಕ್ಷರದ ಹೆಸರು, ನಾಲ್ಕು ಬೈಟಿನಲ್ಲಿ ಉದ್ದ, ಆಮೇಲೆ ಒಳಗಿನ ಸರಕು. ಗೊತ್ತಿಲ್ಲದ ಹೆಸರು ಎದುರಾದರೆ ಗಾಬರಿ ಬೀಳಬೇಡ, ಉದ್ದ ನೋಡಿಕೊಂಡು ದಾಟಿ ಹೋಗು, ಅಷ್ಟೇ. ಇದಕ್ಕಿಂತ ಸಜ್ಜನಿಕೆಯ ನಿಯಮವನ್ನು ನಾನು ಕಂಪ್ಯೂಟರ್ ಲೋಕದಲ್ಲಿ ಕಂಡಿಲ್ಲ.

1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಇದನ್ನೇ ಎತ್ತಿಕೊಂಡು ರಿಫ್ ಎಂದು ಹೆಸರಿಟ್ಟವು. ಅಮಿಗಾದ ಮೊಟೊರೋಲಾ ಚಿಪ್ಪು ಸಂಖ್ಯೆಯ ದೊಡ್ಡ ತುದಿಯನ್ನು ಮೊದಲು ಬರೆಯುತ್ತಿತ್ತು, ಇಂಟೆಲ್‌ನದು ಚಿಕ್ಕ ತುದಿಯನ್ನು. ಹಾಗಾಗಿ ಬೈಟ್‌ಗಳನ್ನು ಹಿಂದುಮುಂದಾಗಿಸಿದರು. ಸೆಕೆಂಡಿಗೆ 44100 ಸ್ಯಾಂಪಲ್ ಎಂಬುದು ನನ್ನ ಫೈಲಿನಲ್ಲಿ 68, 172, 0, 0 ಎಂದು ಕೂತಿದೆ. 172ನ್ನು 256ರಿಂದ ಗುಣಿಸಿ 68 ಕೂಡಿಸಿದರೆ ಲೆಕ್ಕ ಸರಿ. ಮೊಟೊರೋಲಾದ ಇನ್ನೊಂದು ಹಟ ಮಾತ್ರ ಉಳಿದುಬಂತು: ಚಂಕು ಬೆಸ ಬೈಟಿನಲ್ಲಿ ಮುಗಿದರೆ ಕೊನೆಗೊಂದು ಖಾಲಿ ಬೈಟ್ ಹಾಕಬೇಕು, ಆದರೆ ಉದ್ದದಲ್ಲಿ ಅದನ್ನು ಎಣಿಸಬಾರದು.

ತೊಡಕೆಲ್ಲ ಉದ್ದ ಮೊದಲು ಬರುವುದರಲ್ಲಿದೆ. ಮದುವೆಮನೆಯಲ್ಲಿ ಅಡುಗೆ ಭಟ್ಟರು ಬೆಳಗ್ಗೆ ಆರಕ್ಕೇ "ಎಲೆ ಎಷ್ಟು?" ಎಂದು ಕೇಳುತ್ತಾರಲ್ಲ, ಹಾಗೆ. ಸರಿಯಾದ ಲೆಕ್ಕ ಸಿಗುವುದು ಪಂಕ್ತಿ ಎದ್ದ ಮೇಲೆ. ರೆಕಾರ್ಡರ್ ಏನು ಮಾಡುತ್ತದೆಂದರೆ, ಉದ್ದದ ಜಾಗದಲ್ಲಿ ಸದ್ಯಕ್ಕೆ ಸೊನ್ನೆ ಬರೆದು ಧ್ವನಿ ತುಂಬುತ್ತ ಹೋಗುತ್ತದೆ, ನಿಲ್ಲಿಸು ಎಂದಾಗ ತಲೆಗೆ ಮರಳಿ ಬಂದು ಲೆಕ್ಕ ತುಂಬುತ್ತದೆ. ನನ್ನದು ಮರಳಿ ಬರಲೇ ಇಲ್ಲ.

ಕೈಯಿಂದಲೇ ತಿದ್ದಬಹುದಿತ್ತು. ಫೈಲಿನ ಒಟ್ಟು ಉದ್ದದಲ್ಲಿ 8 ಕಳೆದರೆ ತಲೆಯಲ್ಲಿರುವ ಹೊರಗಟ್ಟಿನ ಲೆಕ್ಕ, 44 ಕಳೆದರೆ ಧ್ವನಿಯ ಲೆಕ್ಕ. ಆದರೆ ಮನೆಯಲ್ಲಿ ಇಂಥ ಫೈಲುಗಳ ರಾಶಿಯೇ ಇತ್ತು, ಹೆಸರಿಲ್ಲ, ತಾರೀಕಿಲ್ಲ. ಹಾಗಾಗಿ ಪೈಥಾನಿನಲ್ಲಿ ಕ್ಲಾಸ್‌ಗಳನ್ನು ಬರೆಯಲು ಕೂತೆ. ಓದಲು ಒಂದು, ಬರೆಯಲು ಒಂದು ಎಂದು ಎರಡು ಪ್ರೋಗ್ರಾಂ ಮಾಡಿದರೆ ಕೆಲವೇ ದಿನಗಳಲ್ಲಿ ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಅದರ ಬದಲು ಸರಕಿನ ವಿವರವನ್ನು ಒಂದೇ ಕಡೆ ಬರೆದಿಡುವುದು: ಧ್ವನಿಯ ಬಗೆಗೆ ಎರಡು ಬೈಟ್, ಚಾನೆಲ್ಲಿಗೆ ಎರಡು, ಸ್ಯಾಂಪಲ್ ದರಕ್ಕೆ ನಾಲ್ಕು, ಹೀಗೆ ಒಟ್ಟು 16. ಅದೇ ವಿವರ ನೋಡಿಕೊಂಡು ಪ್ರೋಗ್ರಾಂ ಓದುತ್ತದೆ, ಅದನ್ನೇ ನೋಡಿಕೊಂಡು ಬರೆಯುತ್ತದೆ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಕಂಟೇನರ್ ಕ್ಲಾಸ್. ಅದರ ಕೈಯಲ್ಲಿ ಸ್ವಂತದ್ದೆಂದು ನಾಲ್ಕಕ್ಷರದ ಒಂದು ಗುರುತು ಬಿಟ್ಟರೆ ಏನೂ ಇಲ್ಲ, ಇರುವುದು ಮಕ್ಕಳು, ಅಂದರೆ ಒಳಗಿನ ಚಂಕ್‌ಗಳು ಮಾತ್ರ. ನಿನ್ನ ಉದ್ದ ಎಷ್ಟು ಎಂದರೆ ಮಕ್ಕಳನ್ನು ಕೇಳುತ್ತದೆ. ಅವುಗಳಲ್ಲೊಂದು ತಾನೇ ಕಂಟೇನರಾಗಿದ್ದರೆ ಅದು ತನ್ನ ಮಕ್ಕಳನ್ನು ಕೇಳುತ್ತದೆ. ಕೆಳಗಿನಿಂದ ಲೆಕ್ಕ ಏರಿ ಬಂದ ಮೇಲೇ ಮೊದಲ ಬೈಟ್ ಡಿಸ್ಕಿಗೆ ಹೋಗುವುದು. ಬರೆದು ಮರಳಿ ಬಂದು ತುಂಬುವ ಗೋಜೇ ಇಲ್ಲ.

ವೇವ್ ಫೈಲಿನಲ್ಲಿ ಹೆಸರು, ಕಲಾವಿದ, ತಾರೀಕುಗಳಿಗೆ ಲಿಸ್ಟ್ ಎಂಬ ಒಳಕಂಟೇನರ್ ಉಂಟು. ಪ್ರಸಂಗದ ಹೆಸರನ್ನು ಅದರೊಳಗೆ ಹಾಕಿದೆ. ಕರ್ಣಪರ್ವ ಎಂದರೆ ಕಣ್ಣಿಗೆ ನಾಲ್ಕು ಅಕ್ಷರ. ಒತ್ತಿನ ವಿರಾಮಗಳೂ ಸೇರಿ ಯುನಿಕೋಡಿಗೆ ಎಂಟು, ಒಂದೊಂದಕ್ಕೆ ಮೂರು ಬೈಟಿನಂತೆ 24, ಮುಗಿಯಿತೆಂದು ಹೇಳಲು ಒಂದು ಸೊನ್ನೆ. 25! ಬೆಸ. ಎಂಬತ್ತೈದರ ಆ ಮೊಟೊರೋಲಾ ಚಿಪ್ಪಿನ ಸಲುವಾಗಿ ಇಂದಿಗೂ ಕರ್ಣಪರ್ವದ ಬೆನ್ನಿಗೊಂದು ಖಾಲಿ ಬೈಟ್.

ಬ್ಯಾಟರಿ ಉಳಿದಿದ್ದರೂ ಇನ್ನೊಂದು ಗೋಡೆ ಎದುರಾಗುತ್ತಿತ್ತು. ನಾಲ್ಕು ಬೈಟಿನಲ್ಲಿ ಹಿಡಿಸುವ ಅತಿ ದೊಡ್ಡ ಉದ್ದ ನಾಲ್ಕು ಗಿಗಾಬೈಟ್. ಸಿಡಿ ಗುಣಮಟ್ಟದ ಸ್ಟೀರಿಯೊ ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ, ಅಂದರೆ ಸುಮಾರು ಆರೂಮುಕ್ಕಾಲು ಗಂಟೆಗೆ ಜಾಗ ಮುಗಿಯಿತು. ರಾತ್ರಿ ಒಂಬತ್ತೂವರೆಗೆ ಕೂತು ಬೆಳಗಿನ ತನಕ ನಡೆಯುವ ಮೇಳಕ್ಕೆ ಅದು ಸಾಲದು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಇದಕ್ಕೆಂದೇ ಉದ್ದವನ್ನು ಎಂಟು ಬೈಟಿಗೆ ಹಿಗ್ಗಿಸಿ ಆರ್‌ಎಫ್64 ಎಂಬ ರೂಪ ಮಾಡಿಟ್ಟಿದೆ. ಅವರೇನೂ ತಾಳಮದ್ದಳೆ ಕೇಳಿದವರಲ್ಲ, ಆದರೂ ನಮಗೆ ಒದಗಿತು.

ತಿದ್ದಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಚಿಕ್ಕಪ್ಪನ ಕಾರಿಗೆ ಚುಚ್ಚಿದೆ. ಆ ಸ್ಟೀರಿಯೊಗೆ ಕನ್ನಡವೂ ಬಾರದು, ಲಿಸ್ಟ್ ಎಂದರೇನೆಂದೂ ತಿಳಿಯದು. ಅಷ್ಟು ಬೈಟ್ ದಾಟಿ ನೇರ ಮದ್ದಳೆಯ ಪೆಟ್ಟಿಗೆ ಹೋಯಿತು. ಚಿಕ್ಕಪ್ಪ ಸ್ವಲ್ಪ ಹೊತ್ತು ತಮ್ಮ ಅರ್ಥವನ್ನು ತಾವೇ ಕೇಳಿ, "ಶಲ್ಯ ಹೋದ ಮೇಲಿನದ್ದೇ ಮಾರಾಯ ನಾನು ಚಂದ ಹೇಳಿದ್ದು" ಎಂದರು.