ಲೋ-ಹೈಡ್ರೋಜನ್

ಬಿಬವೇವಾಡಿಯ ಹಳೆಯ ಸೊಸೈಟಿಯೊಂದರ ಮೂರನೆಯ ಮಹಡಿಯ ಮನೆಯಲ್ಲಿ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿಯಿದೆ. ಮೊಣಕಾಲೆತ್ತರ, ಮೇಲೊಂದು ಹಿಡಿಕೆ, ಹಿಂದೆ ವೈರು. ಮಳೆಗಾಲ ಬಂತೆಂದರೆ ಮನೆಯಾಕೆ ಅದನ್ನು ಕೆಳಗಿಳಿಸುತ್ತಾರೆ. ಪುಣೆಯ ಜುಲೈ ತಿಂಗಳಲ್ಲಿ ಸಂಡಿಗೆ, ಹಪ್ಪಳ ಮೆತ್ತಗಾಗದಂತೆ ಇಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ಅವರ ನಂಬಿಕೆ. ಅದು ಮಾಡಿದ್ದು ಹಪ್ಪಳಕ್ಕಲ್ಲ. ವೆಲ್ಡಿಂಗ್ ರಾಡುಗಳನ್ನು ಬಿಸಿಯಾಗಿ ಇಡುವ ಓವನ್ ಅದು. ಯಜಮಾನರು ಪಿಂಪ್ರಿ-ಚಿಂಚವಾಡ ಕಡೆಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬಾಯ್ಲರು, ಟ್ಯಾಂಕು ಬೆಸೆದು ನಿವೃತ್ತರಾದಾಗ ಗುಜರಿಗೆ ಹೋಗುತ್ತಿದ್ದ ಆ ಡಬ್ಬಿಯನ್ನು ಕೇಳಿ ತಂದಿದ್ದರು. ಸೊಸೈಟಿಯ ಮರಾಠಿ ಮಕ್ಕಳಿಗೆ ಅವರು ವೆಲ್ಡರ್ ಕಾಕಾ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು.

ಕಾಕಾ ಅವರಿಗೆ ಹೈಡ್ರೋಜನ್ ಎಂದರೆ ಭವಿಷ್ಯದ ಇಂಧನವಲ್ಲ, ಹಳೆಯ ವೈರಿ. ದಪ್ಪ ಉಕ್ಕಿನ ಕೆಲಸಕ್ಕೆ ಬಳಸುವ ‘7018’ ರಾಡನ್ನು ಫಿಟ್ಟರುಗಳೆಲ್ಲ ‘ಲೋ-ಹೈಡ್ರೋಜನ್’ ಎಂದೇ ಕರೆಯುತ್ತಾರೆ. ರಾಡಿನ ಲೇಪಕ್ಕೆ ಹವೆಯ ತೇವ ಹತ್ತಿದರೆ, ಆರ್ಕಿನ ಬೆಂಕಿಯಲ್ಲಿ ಆ ನೀರು ಒಡೆದು ಹೈಡ್ರೋಜನ್ ಪರಮಾಣುಗಳಾಗಿ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಅಷ್ಟು ಸಣ್ಣದಕ್ಕೆ ಕಬ್ಬಿಣವೂ ಜರಡಿಯೇ. ಬೆಸುಗೆ ತಣ್ಣಗಾದ ಮೇಲೆ ಅದು ಒಳಗೊಳಗೇ ಸರಿದಾಡಿ, ಉಕ್ಕು ಗಡುಸಾಗಿ ಬಿಗಿದ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಮೇಲೆ ನೋಡಿದರೆ ಬೆಸುಗೆ ಚಿನ್ನದಂತೆ. ಬಿರುಕು ಬರುವುದು ಮರುದಿನ, ಇಲ್ಲವೇ ಮೂರನೆಯ ದಿನ. ಅದಕ್ಕೇ ರಾಡುಗಳನ್ನು ಮುನ್ನೂರು ಡಿಗ್ರಿಗೂ ಮೇಲೆ ಕಾಯಿಸಿ ತೇವ ಓಡಿಸುತ್ತಾರೆ, ಕೈಗೆ ಬರುವವರೆಗೂ ಓವನ್‌ನಲ್ಲಿ ಬೆಚ್ಚಗಿಡುತ್ತಾರೆ, ನಲವತ್ತೆಂಟು ಗಂಟೆ ಕಳೆಯದೆ ಕೊನೆಯ ತಪಾಸಣೆ ಮಾಡುವುದಿಲ್ಲ. ಒಂದು ಮಳೆಗಾಲದಲ್ಲಿ ಯಾರದೋ ಆತುರಕ್ಕೆ ಓವನ್ ಆರಿಸಿದ್ದರಿಂದ ದೊಡ್ಡ ಡ್ರಮ್ಮೊಂದು ಮೂರನೆಯ ದಿನ ಸೀಳು ತೋರಿಸಿದ್ದನ್ನು, ಅದನ್ನು ರಾತ್ರಿಯಿಡೀ ಕೊರೆದು ಮತ್ತೆ ತುಂಬಿದ್ದನ್ನು ಕಾಕಾ ಇನ್ನೂ ಮರೆತಿಲ್ಲ.

ಇಂಥವರಿಗೆ ಕಳೆದ ಬೇಸಿಗೆಯ ಒಂದು ಭಾನುವಾರ ಊರಿನಿಂದ ತಮ್ಮನ ಫೋನು ಬಂತು.

“ಅಣ್ಣಾ, ಸೋಲಾರ್ ಕಂಪನಿ ಏಜೆಂಟ ಬಂದಿದ್ದ. ಐದೂ ಎಕರೆ ಲೀಸಿಗೆ ಕೇಳಾಕತ್ತಾನ. ಇಪ್ಪತ್ತೆಂಟು ವರ್ಸ. ಆ ಕರೆಂಟಿನಿಂದ ಹೈಡ್ರೋಜನ್ ಮಾಡ್ತಾರಂತ. ಮುಂದ ಪೆಟ್ರೋಲ್, ಡೀಸೆಲ್ ಏನೂ ಇರಂಗಿಲ್ಲ, ಎಲ್ಲಾ ಇದ ಅಂತ.”

“ಹೈಡ್ರೋಜನ್ ಎದರಿಂದ ಮಾಡ್ತಾರಂತ?”

“ನೀರಿನಿಂದ.”

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಐದರಲ್ಲಿ ಎರಡು ಎಕರೆ ಲಿಂಬೆ ತೋಟ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಿಕೆಯ ಗೌರವವಿದೆ, ಆದರೆ ಬರ ಬಿದ್ದ ವರ್ಷ ಆ ಗೌರವ ಒಂದು ಕೊಡ ನೀರನ್ನೂ ತಂದುಕೊಡುವುದಿಲ್ಲ. ಟ್ಯಾಂಕರಿನ ನೀರು ಕೊಂಡು ಗಿಡ ಉಳಿಸಿಕೊಂಡ ಮನೆ ಅದು. ಉಳಿದ ಮೂರು ಎಕರೆ ಮಡ್ಡಿ, ತೊಗರಿ ಬಿತ್ತಿದರೆ ಬಂದರೆ ಬಂತು. “ನಮ್ಮ ಬೋರಿನ ನೀರು ಎಳದು ಗಾಳಿ ಮಾಡಿ ಮಾರ್ತಾರೇನು? ಬ್ಯಾಡ ಅನ್ನು” ಎಂದು ಫೋನಿಟ್ಟರು.

ಮಗಳು ಅಲ್ಲೇ ಕುಳಿತಿದ್ದಳು. ಬಿಬವೇವಾಡಿಯಲ್ಲೇ ಇರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್, ಕೊನೆಯ ವರ್ಷ. ಎಲೆಕ್ಟ್ರೋಲೈಸರ್ ಅಂದರೆ ವಿದ್ಯುತ್ ಹರಿಸಿ ನೀರನ್ನು ಒಡೆಯುವ ಯಂತ್ರ, ಅದರ ಕೆಲಸಕ್ಕೇ ಸೇರಬೇಕೆಂದು ಹಟ ಹಿಡಿದವಳು. ಅಂಥ ಯಂತ್ರಗಳು 2021ರಿಂದ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿವೆ. “ಅಪ್ಪಾ, ನೀರಿನ ಲೆಕ್ಕ ಮಾಡಿ ನೋಡೋಣು” ಎಂದು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿದಳು.

ಲೆಕ್ಕ ಹೀಗೆ. ಐದು ಎಕರೆಯಲ್ಲಿ ಹೆಚ್ಚುಕಡಿಮೆ ಒಂದು ಮೆಗಾವ್ಯಾಟ್ ಸೋಲಾರ್ ಕೂರುತ್ತದೆ. ಇಂಡಿಯ ಬಿಸಿಲಿಗೆ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್. ಒಂದು ಕಿಲೋ ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ಬೇಕು. ಅಂದರೆ ವರ್ಷಕ್ಕೆ 29 ಟನ್. ರಸಾಯನಶಾಸ್ತ್ರದ ಪ್ರಕಾರ ಕಿಲೋಗೆ 9 ಲೀಟರ್ ಶುದ್ಧ ನೀರು. ಶುದ್ಧ ಮಾಡುವಾಗ ಹೋಗುವುದನ್ನು ಸೇರಿಸಿ 20 ಲೀಟರ್ ಎಂದಿಟ್ಟುಕೊಂಡರೆ ವರ್ಷಕ್ಕೆ 5.8 ಲಕ್ಷ ಲೀಟರ್, ಹತ್ತು ಸಾವಿರ ಲೀಟರಿನ ಟ್ಯಾಂಕರು 58. ಯಂತ್ರ ತಂಪು ಮಾಡುವ ನೀರು ಬೇರೆ. ಒಂದು ಎಕರೆ ಕಬ್ಬು ಕುಡಿಯುವುದು 60 ಲಕ್ಷ ಲೀಟರಿನ ಆಸುಪಾಸು.

ಕಾಕಾ ಹಾಳೆಯನ್ನು ಎರಡು ಸಲ ಓದಿದರು. ಐದು ಎಕರೆಯ ಬಿಸಿಲನ್ನೆಲ್ಲ ಹೈಡ್ರೋಜನ್ ಮಾಡಿದರೂ ಬೇಕಾದದ್ದು ನಾಲ್ಕು ಗುಂಟೆ ಕಬ್ಬಿನ ನೀರು. ಅದೂ ಇಂಡಿಯಲ್ಲೇ ಒಡೆಯಬೇಕೆಂದಿಲ್ಲ. ವಿದ್ಯುತ್ತು ಗ್ರಿಡ್ಡಿಗೆ ಹೋದರೆ ಯಂತ್ರ ಮಂಗಳೂರಿನಲ್ಲಿರಬಹುದು, ತೋರಣಗಲ್ಲಿನಲ್ಲಿರಬಹುದು. ನಿಜ ಹೇಳಬೇಕೆಂದರೆ ಏಜೆಂಟನ ಮಾತಿನಲ್ಲಿ ಹೈಡ್ರೋಜನ್ ಬಂದದ್ದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಅಮೆರಿಕದ ಸೋದರಮಾವನ ಹೆಸರು ಬಂದ ಹಾಗೆ, ತೂಕಕ್ಕೆ.

ನೀರಿನ ಭಯ ಹೋಯಿತು. ಆದರೆ ಕಾಕಾ ಇನ್ನೊಂದು ಕೇಳಿದರು: “ಐವತ್ತೈದು ಯೂನಿಟ್ ಹಾಕಿದ್ರ ತಿರುಗಿ ಎಷ್ಟು ಬರ್ತದ?”

ಹೈಡ್ರೋಜನ್ ಚರ್ಚೆಯ ಗುಟ್ಟೆಲ್ಲ ಇರುವುದು ಇಲ್ಲಿ, ಎಷ್ಟೋ ಘೋಷಣೆಗಳು ಹಾರಿಹೋಗುವುದೂ ಇಲ್ಲೇ. ಒಂದು ಕಿಲೋ ಹೈಡ್ರೋಜನ್ನಿನಲ್ಲಿ 33 ಯೂನಿಟ್ ಶಕ್ತಿಯಿದೆ. ಫ್ಯುಯೆಲ್ ಸೆಲ್ಲಿನಲ್ಲಿ ಅದನ್ನು ಮತ್ತೆ ವಿದ್ಯುತ್ತು ಮಾಡಿದರೆ ಸುಮಾರು ಅರ್ಧ ಕೈಗೆ ಬರುತ್ತದೆ. 55 ಕೊಟ್ಟು 16 ಪಡೆದ ಹಾಗಾಯಿತು, ನಡುವೆ ಒತ್ತಿ ಸಿಲಿಂಡರಿಗೆ ತುಂಬುವ ಖರ್ಚು ಬೇರೆ. ಪುಣೆಯವರಿಗೆ ಇದರ ಉದಾಹರಣೆ ಮನೆಯ ಹತ್ತಿರವೇ ಇದೆ. 2022ರ ಆಗಸ್ಟ್ 21ರಂದು ಇದೇ ಊರಿನಲ್ಲಿ ಕೆಪಿಐಟಿ ಕಂಪನಿ ಮತ್ತು ಸಿಎಸ್‌ಐಆರ್ ಸೇರಿ ಮಾಡಿದ ಸ್ವದೇಶಿ ಹೈಡ್ರೋಜನ್ ಬಸ್ಸನ್ನು ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಅನಾವರಣ ಮಾಡಿದರು. ಪಾಷಾಣದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳ ವರ್ಷಗಳ ಕೆಲಸ ಅದರ ಹಿಂದಿತ್ತು, ಹೆಮ್ಮೆಪಡುವ ಸಂಗತಿಯೇ. ಆದರೆ ಅಂಥ ಬಸ್ಸು ನೂರು ಕಿಲೋಮೀಟರಿಗೆ ಸುಮಾರು 9 ಕಿಲೋ ಹೈಡ್ರೋಜನ್ ಕೇಳುತ್ತದೆಂದರೆ, ಕಾಕಾ ಅವರ ಐದು ಎಕರೆಯ ಬಿಸಿಲಿನಲ್ಲಿ ವರ್ಷಕ್ಕೆ 3.2 ಲಕ್ಷ ಕಿಲೋಮೀಟರ್ ಓಡುತ್ತದೆ. ಅದೇ ವಿದ್ಯುತ್ತನ್ನು ಬ್ಯಾಟರಿಗೆ ತುಂಬಿದರೆ, ಪುಣೆಯಲ್ಲಿ 2019ರಿಂದ ಓಡುತ್ತಿರುವಂಥ ಬ್ಯಾಟರಿ ಬಸ್ಸು 12 ಲಕ್ಷ ಕಿಲೋಮೀಟರ್ ಓಡುತ್ತದೆ. ಊರೊಳಗಿನ ಬಸ್ಸಿನ ಮಟ್ಟಿಗೆ ಈ ಪಂದ್ಯ ಮುಗಿದಿದೆ. ದೂರದ ಭಾರೀ ಲಾರಿಗಳ ಬಗ್ಗೆ ಇನ್ನೂ ವಾದ ಉಂಟು, ಅದೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ.

ಅಡುಗೆಮನೆಯದೂ ಇದೇ ಕತೆ. 2023ರ ಜನವರಿಯಿಂದ ಸೂರತ್ ಬಳಿಯ ಕವಾಸ್‌ನಲ್ಲಿ ಎನ್‌ಟಿಪಿಸಿ ತನ್ನ ಕಾಲೊನಿಯ ಪೈಪ್ ಗ್ಯಾಸಿಗೆ ಒಂದಿಷ್ಟು ಹೈಡ್ರೋಜನ್ ಬೆರೆಸಿ ಕೊಡುತ್ತಿದೆ. ಒಂದು ಘನ ಮೀಟರ್ ಹೈಡ್ರೋಜನ್ನಿನಲ್ಲಿರುವ ಶಕ್ತಿ ನೈಸರ್ಗಿಕ ಅನಿಲದ ಮೂರನೆಯ ಒಂದು ಪಾಲು. ಆದ್ದರಿಂದ ನೂರಕ್ಕೆ ಇಪ್ಪತ್ತು ಬೆರೆಸಿದರೂ ಇಂಗಾಲ ಉಳಿಯುವುದು ನೂರಕ್ಕೆ ಏಳು. ಇದನ್ನು ಕೇಳಿದ್ದೇ ಕಾಕಾ, “ಪೈಪಿನ ಉಕ್ಕು ಯಾವ ಗ್ರೇಡಂತ?” ಎಂದರು. ಮಗಳು ನಕ್ಕಳು, ಆದರೆ ಪ್ರಶ್ನೆ ಸಣ್ಣದಲ್ಲ. ಬಡಾವಣೆಯೊಳಗಿನ ಪ್ಲಾಸ್ಟಿಕ್ ಪೈಪಿಗೆ ಅಷ್ಟು ತೊಂದರೆಯಿಲ್ಲ. ದೂರದೂರಕ್ಕೆ ಅನಿಲ ಒಯ್ಯುವ ಗಟ್ಟಿ ಉಕ್ಕಿನ ದೊಡ್ಡ ಕೊಳವೆಗಳಿಗೆ ಮಾತ್ರ ಹೈಡ್ರೋಜನ್ ಆ ಮಳೆಗಾಲದ ಡ್ರಮ್ಮಿಗೆ ಮಾಡಿದ್ದನ್ನೇ ಮಾಡಬಲ್ಲದು. ಸೋರಿದರೆ ವಾಸನೆಯಿಲ್ಲ, ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ, ಹವೆಯಲ್ಲಿ ನೂರಕ್ಕೆ ನಾಲ್ಕರಿಂದ ಎಪ್ಪತ್ತೈದರವರೆಗೆ ಎಷ್ಟು ಬೆರೆತಿದ್ದರೂ ಹೊತ್ತಿಕೊಳ್ಳುತ್ತದೆ.

“ಹಂಗಾದ್ರ ಇದನ್ನ ಕಲತು ಏನ್ ಮಾಡ್ತಿ ಅವ್ವಾ?”

ಮಗಳು ನಗುವುದನ್ನು ಬಿಟ್ಟಳು. ಆ ಮನೆಯಲ್ಲಿ ಹೊಲದಷ್ಟೇ ಭಾರದ ಪ್ರಶ್ನೆ ಇದು. ಕಾಲೇಜಿನ ಸಾಲ ತೀರಬೇಕಾದದ್ದು ಅವಳ ಸಂಬಳದಿಂದ, ಜೊತೆಯವರಲ್ಲಿ ಅರ್ಧ ಜನ ಆಗಲೇ ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಗಳ ಕಡೆ ಮುಖ ಮಾಡಿದ್ದರು.

ಅವಳ ಉತ್ತರ ಬಸ್ಸು, ಒಲೆಗಳ ಹತ್ತಿರ ಹೋಗಲೇ ಇಲ್ಲ. ಹೈಡ್ರೋಜನ್ ನಾಳೆ ಬರುವ ವಸ್ತುವಲ್ಲ, ಇವತ್ತೇ ಜಗತ್ತು ವರ್ಷಕ್ಕೆ ಒಂಬತ್ತು ಕೋಟಿ ಟನ್ನಿಗಿಂತ ಹೆಚ್ಚು ಬಳಸುತ್ತಿದೆ. ಹೆಚ್ಚಿನ ಪಾಲು ಹೋಗುವುದು ತೈಲ ಸಂಸ್ಕರಣೆಗೆ ಮತ್ತು ಅಮೋನಿಯಾಕ್ಕೆ, ಅಂದರೆ ಗೊಬ್ಬರಕ್ಕೆ. ಅದನ್ನು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ ತೆಗೆಯುತ್ತಾರೆ. ಅನಿಲದಿಂದ ಒಂದು ಕಿಲೋ ತೆಗೆದರೆ ಒಂಬತ್ತು-ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಹವೆಗೆ. ಇಂಡಿಯ ರೈತ ತೊಗರಿಗೆ ಹಾಕುವ ಡಿಎಪಿಯಲ್ಲೂ ಆ ಹೊಗೆ ಇದೆ. ಇಲ್ಲಿ ಬ್ಯಾಟರಿ ಏನೂ ಮಾಡಲಾರದು, ಹೈಡ್ರೋಜನ್ ಇಲ್ಲಿ ಇಂಧನವಲ್ಲ, ಕಚ್ಚಾವಸ್ತು. 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಸಿಕ್ಕಾಗ ಇಟ್ಟುಕೊಂಡ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಅದು ದೇಶ ಈಗ ಬಳಸುವ ಹೈಡ್ರೋಜನ್ನಿಗೆ ಹತ್ತಿರದ ಲೆಕ್ಕ. ಮೊದಲು ಇರುವ ಕೊಳೆಯನ್ನು ತೊಳೆದರೆ ಸಾಕಷ್ಟಾಯಿತು.

ಇದರಲ್ಲೂ ಒಂದು ತೊಡಕಿದೆ. ಯೂರಿಯಾ ಮಾಡಲು ಅಮೋನಿಯಾದ ಜೊತೆ ಇಂಗಾಲದ ಡೈಆಕ್ಸೈಡೇ ಬೇಕು. ಅನಿಲದ ಕಾರ್ಖಾನೆಯಲ್ಲಿ ಅದು ಪುಕ್ಕಟೆ ಸಿಗುತ್ತದೆ, ನೀರು ಒಡೆದರೆ ಸಿಗುವುದಿಲ್ಲ. ಹೀಗಾಗಿ ಹಸಿರು ಅಮೋನಿಯಾ ಮೊದಲು ಸಲೀಸಾಗಿ ಹೊಂದುವುದು ಡಿಎಪಿಯಂಥ ಗೊಬ್ಬರಗಳಿಗೆ.

ಇನ್ನೊಂದು ಜಾಗ ಉಕ್ಕು. ಇಲ್ಲಿ ಕಾಕಾ ಕಿವಿ ನಿಮಿರಿಸಿದರು. ಅದಿರಿನಿಂದ ಆಮ್ಲಜನಕ ಕೀಳಲು ಕಲ್ಲಿದ್ದಲಿನ ಕೋಕ್ ಬಳಸುವುದರಿಂದಲೇ ಒಂದು ಟನ್ ಉಕ್ಕಿಗೆ ಎರಡು ಟನ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದೇ ಕೆಲಸವನ್ನು ಹೈಡ್ರೋಜನ್ ಮಾಡಿದರೆ ಹೊರಬರುವುದು ನೀರಾವಿ. ಸ್ವೀಡನ್ನಿನ ಹೈಬ್ರಿಟ್ ಯೋಜನೆ 2021ರಲ್ಲಿ ಅಂಥ ಉಕ್ಕನ್ನು ವೋಲ್ವೋಗೆ ಕೊಟ್ಟು ತೋರಿಸಿತು. ನಮ್ಮ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಗಾಗಿಯೇ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಕೊಡುವ ಘಟಕ ಎದ್ದಿದೆ. ಒಂದು ಟನ್ ಉಕ್ಕಿಗೆ 55 ಕಿಲೋ ಹಿಡಿದರೆ ಅದು 70,000 ಟನ್ನಿಗೂ ಸಾಲದು, ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಕೋಟಿ ಟನ್ನಿಗೂ ಮೇಲೆ. ದಾರಿ ಸರಿಯಿದೆ, ಊರು ದೂರವಿದೆ.

ದೂರವಿದೆ ಎಂದರೆ ಹೊಸದೆಂದಲ್ಲ. 1923ರಲ್ಲೇ ಜೆ.ಬಿ.ಎಸ್. ಹಾಲ್ಡೇನ್ ಕೇಂಬ್ರಿಜ್‌ನಲ್ಲಿ ಮಾತಾಡುತ್ತ, ಇಂಗ್ಲೆಂಡಿನ ಕಲ್ಲಿದ್ದಲು ಮುಗಿದ ಮೇಲೆ ಗಾಳಿಗಿರಣಿಗಳ ವಿದ್ಯುತ್ತಿನಿಂದ ನೀರು ಒಡೆದು, ಹೈಡ್ರೋಜನ್ನನ್ನು ದ್ರವ ಮಾಡಿ ನೆಲದಡಿಯ ತೊಟ್ಟಿಗಳಲ್ಲಿ ಕೂಡಿಡುತ್ತಾರೆ ಎಂದಿದ್ದರು. ಆ ಹಾಲ್ಡೇನ್ ಆಮೇಲೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ, ಅರವತ್ತರ ದಶಕದ ಶುರುವಿನಲ್ಲಿ, ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾ ಅಣೆಕಟ್ಟೆಯ ವಿದ್ಯುತ್ತಿನಿಂದ ನೀರು ಒಡೆದು ಗೊಬ್ಬರ ಮಾಡುತ್ತಿದ್ದರು, ಪರಮಾಣು ಕಾರ್ಯಕ್ರಮಕ್ಕೆ ಭಾರಜಲವೂ ಅಲ್ಲೇ ಸಿಗುತ್ತಿತ್ತು. ಹಸಿರು ಹೈಡ್ರೋಜನ್ ಎಂಬ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ವಿದ್ಯುತ್ತಿಗೆ ಬೇರೆ ಗಿರಾಕಿಗಳು ಹೆಚ್ಚಿದರು, ಕಾರ್ಖಾನೆ ತೈಲಕ್ಕೆ ತಿರುಗಿತು, ಕೊನೆಗೆ ಅನಿಲಕ್ಕೆ. ಹೈಡ್ರೋಜನ್ನಿನ ಹಣೆಬರಹ ಬರೆಯುವುದು ಅಗ್ಗದ ವಿದ್ಯುತ್ತು ಎಂಬುದನ್ನು ನಂಗಲ್ ಅಷ್ಟು ಹಿಂದೆಯೇ ತೋರಿಸಿಬಿಟ್ಟಿತ್ತು.

“ಟ್ಯಾಂಕು, ಪೈಪು, ಬೆಸುಗಿ ಯಾರರೆ ನೋಡಬೇಕಲ್ಲ ಅಪ್ಪಾ” ಎಂದಳು ಮಗಳು. “ಬಿರುಕು ಬಿಡದಂಗ ನೋಡೂದು ನಿಂದ ವಿದ್ಯಾ.”

ಕಾಕಾ ಅದಕ್ಕೆ ಏನೂ ಹೇಳದೆ ಎದ್ದು ಚಹಾಕ್ಕೆ ನೀರಿಟ್ಟರು. ಅವರು ಹಾಗೆ ಸುಮ್ಮನೆ ಎದ್ದು ಹೋದರೆ ಒಪ್ಪಿದರು ಎಂದು ಲೆಕ್ಕವೆಂದು ಆ ಮನೆಯವರು ಹೇಳುತ್ತಾರೆ.

ಲೀಸಿನ ಕರಾರಿನ ಪ್ರತಿ ವಾಟ್ಸ್ಯಾಪಿನಲ್ಲಿ ಬಂದದ್ದು ಮುಂದಿನ ವಾರ. ತಂದೆ ಮಗಳು ಕೂಡಿ ಓದಿದರು. ಹೈಡ್ರೋಜನ್ ಎಂಬ ಪದ ಇಪ್ಪತ್ತು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಕಂಪನಿ ಜಾಗವನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದೆಂದಿತ್ತು, ರೈತ ನಡುವೆ ಬಿಡಿಸಿಕೊಳ್ಳುವ ದಾರಿ ಇರಲಿಲ್ಲ, ಅವಧಿ ಮುಗಿದ ಮೇಲೆ ಕಾಂಕ್ರೀಟಿನ ಕಂಬಗಳನ್ನು ಕೀಳುವವರು ಯಾರೆಂಬುದು ಇರಲಿಲ್ಲ. ಇಪ್ಪತ್ತೆಂಟು ವರ್ಷವೆಂದರೆ ಕಾಕಾ ಅವರಿಗೆ ಎಂಬತ್ತೊಂಬತ್ತು. ಲಿಂಬೆ ಗಿಡವನ್ನು ಒಮ್ಮೆ ಕಿತ್ತರೆ ಮತ್ತೆ ನೆಟ್ಟು ಫಲ ಕಾಣಲು ಮೂರು-ನಾಲ್ಕು ವರ್ಷ.

ತಮ್ಮನಿಗೆ ಫೋನು ಮಾಡಿದರು. “ಲಿಂಬಿ ತ್ವಾಟ, ಬೋರು ಬಿಡೂದು ಬ್ಯಾಡ. ಮಡ್ಡಿ ಮೂರು ಎಕರೆ ಬೇಕಾದ್ರ ತಗೋಳ್ಳಿ. ಕಂಬ ಕಿತ್ತು ನೆಲ ಮೊದಲಿನಂಗ ಮಾಡಿ ಕೊಡ್ತೀವಿ ಅಂತ ಬರೆದು ಕೊಡಬೇಕು. ಬರೀಲಿಲ್ಲಂದ್ರ ಅದೂ ಬ್ಯಾಡ.”

“ಅವರಿಗೆ ಒಂದ ತುಂಡು ಬೇಕಂತಣ್ಣಾ. ಸುತ್ತಲಿನವರು ಎಲ್ಲಾ ಸಹಿ ಮಾಡ್ಯಾರ.”

“ಮಾಡಿದವರು ಓದಿ ಮಾಡ್ಯಾರೇನು?”

ಆ ಕಡೆಯಿಂದ ಉತ್ತರ ಬರಲಿಲ್ಲ. ಏಜೆಂಟ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಬರುತ್ತೇನೆಂದಿದ್ದಾನಂತೆ. ಆ ದಿನ ತಾನೂ ಊರಲ್ಲಿರಬೇಕೆಂದು ಕಾಕಾ ಸ್ವಾರಗೇಟಿನಿಂದ ವಿಜಯಪುರಕ್ಕೆ ಹೊರಡುವ ರಾತ್ರಿಯ ಬಸ್ಸಿಗೆ ಎರಡು ಟಿಕೆಟ್ ಮಾಡಿಸಿದ್ದಾರೆ, ಒಂದು ಮಗಳಿಗೆ.