ಒಂದು ದಿನ ಮೊದಲೇ ಹುಟ್ಟಿದ ಹುಡುಗಿ

ನನ್ನ ಅಕ್ಕನ ಮಗಳು ಹುಟ್ಟಿದ್ದು 2006ರ ಮಾರ್ಚ್ 1ರಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹಾಗೆಯೇ ಇದೆ. 2024ರಲ್ಲಿ ಪಿಯುಸಿ ಮುಗಿಸಿ ಒಂದು ವಿದ್ಯಾರ್ಥಿವೇತನಕ್ಕೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದಳು. ಮುದ್ರಿಸಿ ತೆಗೆದ ಪ್ರತಿಯಲ್ಲಿ ಮಾತ್ರ ಫೆಬ್ರವರಿ 28 ಎಂದಿತ್ತು! ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗುವುದಿಲ್ಲವೆಂದು ಕಚೇರಿಯವರು ಹಿಂದಿರುಗಿಸಿದರು. ‘ಕಣ್ಣು ಎಲ್ಲಿಟ್ಟುಕೊಂಡು ಒತ್ತಿದೆ?’ ಎಂದು ಭಾವ ಗದರಿದರು. ‘ಇಲ್ಲಪ್ಪಾ, ಮಾರ್ಚ್ ಒಂದು ಅಂತಲೇ ಹಾಕಿದ್ದೆ’ ಎಂದು ಹುಡುಗಿ ಅಳತೊಡಗಿದಳು.

ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದೇ ಹೊಟ್ಟೆ ಹೊರೆದುಕೊಂಡ ನನಗೆ ಹುಡುಗಿಯ ಮಾತೇ ನಿಜವೆನ್ನಿಸಿತು. ಬೆರಳು ಜಾರಿದರೆ 1 ಇದ್ದದ್ದು 2 ಆದೀತು. ತಿಂಗಳೂ ದಿನವೂ ಒಟ್ಟಿಗೆ ಜಾರುವುದುಂಟೆ? ಹೊಸ ಅರ್ಜಿ ತೆರೆಸಿ ಆಗಸ್ಟ್ 15 ಎಂದು ಹಾಕಿಸಿದೆ. 14 ಎಂದು ಬಂತು. ಯಾವ ತಾರೀಖು ಕೊಟ್ಟರೂ ಅದರ ಹಿಂದಿನ ದಿನ.

ಕಂಪ್ಯೂಟರಿಗೆ ನಮ್ಮ ಹಾಗೆ ಗೋಡೆಯ ಮೇಲೆ ಕ್ಯಾಲೆಂಡರ್ ಇರುವುದಿಲ್ಲ. ಬಹಳಷ್ಟು ಯಂತ್ರಗಳು 1970ರ ಜನವರಿ 1ರ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆಯಿತೆಂದು ಎಣಿಸುತ್ತ ಕೂರುತ್ತವೆ, ಅಷ್ಟೆ. ಆ ನಡುರಾತ್ರಿ ನಮ್ಮದಲ್ಲ, ಇಂಗ್ಲೆಂಡಿನ ಗ್ರೀನಿಚ್‌ನದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹುಡುಗಿ ಕೊಟ್ಟದ್ದು ಬರೀ ತಾರೀಖು. ಯಾರೂ ಕೇಳದಿದ್ದರೂ ಪ್ರೋಗ್ರಾಂ ಅದಕ್ಕೆ ‘ರಾತ್ರಿ ಹನ್ನೆರಡು ಗಂಟೆ’ ಎಂದು ಸೇರಿಸಿಕೊಂಡಿತು. ನಮ್ಮಲ್ಲಿ ಮಾರ್ಚ್ 1ರ ರಾತ್ರಿ ಹನ್ನೆರಡಾದಾಗ ಗ್ರೀನಿಚ್‌ನಲ್ಲಿ ಇನ್ನೂ ಫೆಬ್ರವರಿ 28ರ ಸಂಜೆ ಆರೂವರೆ. ಹಾಗೆ ಬದಲಾಯಿಸಿ ಇಟ್ಟುಕೊಂಡು, ಮುದ್ರಿಸುವಾಗ ಗಂಟೆಯನ್ನು ಕತ್ತರಿಸಿ ಎಸೆದರೆ ಉಳಿಯುವುದು ಫೆಬ್ರವರಿ 28. ತಮಾಷೆಯೆಂದರೆ ಇದೇ ಪ್ರೋಗ್ರಾಮನ್ನು ನ್ಯೂಯಾರ್ಕಿನಲ್ಲಿ ಕುಳಿತು ಪರೀಕ್ಷಿಸಿದವನಿಗೆ ಏನೂ ಐಬು ಕಾಣದು. ಅಲ್ಲಿಯ ನಡುರಾತ್ರಿ ಗ್ರೀನಿಚ್‌ನಲ್ಲಿ ಅದೇ ದಿನದ ಬೆಳಗಿನ ಜಾವ!

ದಿನ ಎಲ್ಲಿಂದ ಶುರು ಎನ್ನುವ ತಕರಾರು ಹೊಸದೇನಲ್ಲ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಕೂಸಿಗೆ ನಮ್ಮಜ್ಜಿ ಹಿಂದಿನ ದಿನದ ವಾರವನ್ನೇ ಹೇಳುತ್ತಿದ್ದಳು. ಪಂಚಾಂಗದ ದಿನ ಹುಟ್ಟುವುದು ಸೂರ್ಯನ ಜತೆಗೆ. ಆದರೆ ಅಜ್ಜಿಗೆ ತಾನು ಯಾವ ಲೆಕ್ಕ ಹಿಡಿದಿದ್ದೇನೆಂದು ಗೊತ್ತಿತ್ತು.

ಪ್ರೋಗ್ರಾಂ ಕಲಿಯುವ ಮಕ್ಕಳು ಇಲ್ಲಿ ಒಂದು ಭೇದ ಗಮನಿಸಬೇಕು. ಪರೀಕ್ಷೆ ಶುರುವಾಗುವುದು, ವಿಮಾನ ಹೊರಡುವುದು ಒಂದು ಕ್ಷಣ. ಅದನ್ನು ಗ್ರೀನಿಚ್ ಲೆಕ್ಕದಲ್ಲಿ ಇಟ್ಟರೆ ಜಗತ್ತಿಗೆಲ್ಲ ಅನುಕೂಲ. ಜನ್ಮದಿನಾಂಕ ಕ್ಷಣವಲ್ಲ, ಹೆಸರಿನಂಥದು. ಊರು ಬದಲಾಯಿಸಿದರೆ ಅದು ಬದಲಾಗಕೂಡದು. ವರ್ಷ, ತಿಂಗಳು, ದಿನ ಎಂದು ಹಾಗೆಯೇ ಬರೆದಿಡಬೇಕು. ಗಂಟೆಯ ಗೊಡವೆಗೇ ಹೋಗಬಾರದು.

ಎರಡೂ ಪ್ರತಿಗಳನ್ನು ಲಗತ್ತಿಸಿ ಕಚೇರಿಗೆ ಪತ್ರ ಬರೆದೆವು. ಎರಡು ವಾರದ ಮೇಲೆ ಅರ್ಜಿ ಸ್ವೀಕಾರವಾಯಿತು. ಆದರೆ ಅಲ್ಲಿಯ ಗುಮಾಸ್ತರು ಅಕ್ಕರೆಯಿಂದಲೇ ಒಂದು ಉಪಾಯ ಹೇಳಿಕೊಟ್ಟರಂತೆ: ‘ಇಷ್ಟಕ್ಕೆಲ್ಲಾ ಪತ್ರ ಯಾಕಮ್ಮಾ? ಒಂದು ದಿನ ಮುಂದಿನ ತಾರೀಖು ಹಾಕಿಬಿಡು, ಸರಿಯಾಗಿ ಬರುತ್ತೆ. ಎಲ್ಲರಿಗೂ ಹಾಗೇ ಹೇಳ್ತಿದ್ದೀವಿ.’ ಪ್ರೋಗ್ರಾಮನ್ನು ಯಾರಾದರೂ ರಿಪೇರಿ ಮಾಡಿದ ದಿನ ಆ ‘ಎಲ್ಲರೂ’ ಒಂದು ದಿನ ತಡವಾಗಿ ಹುಟ್ಟಿದವರಾಗುತ್ತಾರೆ.