ಪುನಲೂರಿನ ಮರದ ಹಲಗೆಗಳ ಮೇಲೆ

ಕಳಕ್ಕೂಟಂ ಎಂದರೆ ಈಗ ಎಲ್ಲರಿಗೂ ಟೆಕ್ನೋಪಾರ್ಕ್. ತಂಗಿಯ ಮಗಳು ಅಲ್ಲೇ ಕೆಲಸದಲ್ಲಿರುವುದರಿಂದ ತಿರುವನಂತಪುರಕ್ಕೆ ಹೋದಾಗ ನನ್ನ ಬಿಡಾರ ಅವಳ ಮನೆಯಲ್ಲಿ. ಗಾಜಿನ ಕಟ್ಟಡಗಳನ್ನು ಹಿಂದೆ ಬಿಟ್ಟು ಕಡಲಿನ ದಿಕ್ಕಿಗೆ ಹೋದರೆ ಪಾರ್ವತಿ ಪುತ್ತನಾರ್ ಸಿಗುತ್ತದೆ. 1815ರಿಂದ 1829ರವರೆಗೆ ತಿರುವಾಂಕೂರಿನ ಆಡಳಿತ ನಡೆಸಿದ ರಾಣಿ ಗೌರಿ ಪಾರ್ವತಿ ಬಾಯಿ ತೋಡಿಸಿದ ಕಾಲುವೆ ಅದು. ರಸ್ತೆಗಳು ಹೆಸರಿಗಷ್ಟೇ ಇದ್ದ ಕಾಲದಲ್ಲಿ ವಳ್ಳಕ್ಕಡವಿನಲ್ಲಿ ದೋಣಿ ಹತ್ತಿದವರು ಇದೇ ನೀರಿನಲ್ಲಿ ಕಠಿನಂಕುಳಂ ಹಿನ್ನೀರಿಗೆ ಸೇರಿ ಬಡಗಲಿಗೆ ಸಾಗುತ್ತಿದ್ದರು. ನಾನು ನಿಂತು ನೋಡಿದ ಕಡೆ ನೀರೇ ಕಾಣದಷ್ಟು ಅಂತರಗಂಗೆ ಹಬ್ಬಿತ್ತು; ಗಾಳಿ ತಿರುಗಿದಾಗ ಚರಂಡಿಯ ವಾಸನೆ. ಕೋವಳಂನಿಂದ ನಮ್ಮ ಕಾಸರಗೋಡಿನ ಬೇಕಲದವರೆಗೆ 616 ಕಿಲೋಮೀಟರ್ ಜಲಮಾರ್ಗ ಮಾಡುವ ಯೋಜನೆಯಲ್ಲಿ ಈ ಕಾಲುವೆಯೂ ಸೇರಿದೆ. ಅದು ಕೈಗೂಡಲಿ ಎಂದು ಮನಸಾರೆ ಹಾರೈಸುವವರಲ್ಲಿ ನಾನೂ ಒಬ್ಬ.

"ಇದನ್ನು ನೋಡಿ ಬೇಜಾರು ಮಾಡುದು ಬೇಡ ಮಾವಾ, ಪುನಲೂರಿಗೆ ಹೋಗಿ ತೂಕ್ಕುಪಾಲ ನೋಡಿ ಬನ್ನಿ" ಎಂದಳು ಸೊಸೆ. ಮರುದಿನವೇ ಆ ತೂಗುಸೇತುವೆ ನೋಡಲು ಕಳಕ್ಕೂಟಂ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ.

ಕೊಲ್ಲಂವರೆಗಿನ ದಾರಿ ಹಳೆಯ ಜಲಮಾರ್ಗದ ಜೊತೆಜೊತೆಗೇ ಹೋಗುತ್ತದೆ. ಮುರುಕ್ಕುಂಪುಳ, ಚಿರಯಿನ್‌ಕೀಳ್, ಕಡಕ್ಕಾವೂರು ದಾಟಿದರೆ ವರ್ಕಲ. ಇಲ್ಲಿ ಗುಡ್ಡ ಅಡ್ಡ ಬಂದು ದೋಣಿಯವರು ಇಳಿದು ನಡೆಯಬೇಕಾಗುತ್ತಿತ್ತಂತೆ, ಸಾಮಾನೆಲ್ಲ ತಲೆಹೊರೆ. ಆಯಿಲ್ಯಂ ತಿರುನಾಳ್ ಮಹಾರಾಜರ ಕಾಲದಲ್ಲಿ ಗುಡ್ಡವನ್ನೇ ಕೊರೆದು ದೋಣಿಗಳಿಗೆ ಸುರಂಗ ಮಾಡಿದರು. ಅವರ ಆಳ್ವಿಕೆಯಲ್ಲೇ ಪುನಲೂರಿನ ಸೇತುವೆಯೂ ಎದ್ದಿತು. ಒಂದು ಕಡೆ ನೀರಿನ ದಾರಿಗೆ ಗುಡ್ಡದ ಅಡ್ಡಿ, ಇನ್ನೊಂದು ಕಡೆ ನೆಲದ ದಾರಿಗೆ ಹೊಳೆಯ ಅಡ್ಡಿ. ಒಂದೇ ಅರಸನ ಕಾಲದಲ್ಲಿ ಎರಡೂ ನಿವಾರಣೆಯಾದವು.

ಕೊಲ್ಲಂನಲ್ಲಿ ರೈಲು ಬದಲಿಸಿ ಸೆಂಗೋಟೆ ಮಾರ್ಗ ಹಿಡಿದೆ. 1904ರಲ್ಲಿ ತೆರೆದ ಹಾದಿ ಇದು. ಕುಂಡರ, ಕೊಟ್ಟಾರಕ್ಕರ ಕಳೆದಂತೆ ತೆಂಗು ಹಿಂದೆ ಸರಿದು ರಬ್ಬರು ತೋಟಗಳು ಶುರುವಾದವು.

ಪುನಲೂರು ಪೇಟೆಯ ನಡುವೆ ಕಲ್ಲಡ ಹೊಳೆ. ವಾಹನಗಳೆಲ್ಲ ಕಾಂಕ್ರೀಟು ಸೇತುವೆಯ ಮೇಲೆ ಹಾರನ್ ಹೊಡೆಯುತ್ತ ಓಡುತ್ತವೆ. ಅದರ ಪಕ್ಕದಲ್ಲೇ, ಎರಡು ದಡಗಳಲ್ಲಿ ಕೋಟೆಬಾಗಿಲಿನಂಥ ಕಲ್ಲಿನ ಕಮಾನುಗಳು. ಅವುಗಳ ನೆತ್ತಿಯಿಂದ ಇಳಿಬಿಟ್ಟ ಕಬ್ಬಿಣದ ಸರಪಣಿಗಳು. ಸರಪಣಿಗೆ ನೇತುಬಿದ್ದ ಮರದ ನೆಲ. ಆಲ್ಬರ್ಟ್ ಹೆನ್ರಿ ಎಂಬ ಇಂಗ್ಲಿಷ್ ಎಂಜಿನಿಯರನ ಮೇಲುಸ್ತುವಾರಿಯಲ್ಲಿ ಕಟ್ಟಿದ್ದು. 1877ರಲ್ಲಿ ಕೆಲಸ ಮುಗಿದು 1880ರಲ್ಲಿ ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು 400 ಅಡಿ, ಅಗಲ 20 ಅಡಿ. ಕೊಲ್ಲಂನ ಬಂದರಿಗೂ ಆರ್ಯಂಕಾವು ಕಣಿವೆಯಾಚೆಗಿನ ತಮಿಳು ಸೀಮೆಗೂ ನಡುವಿನ ಗಾಡಿ ವ್ಯಾಪಾರ ಇದರ ಮೇಲೆ ಹಾದುಹೋಯಿತು. ಈಗ ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ನಡೆಯುವವರಿಗೆ ಮಾತ್ರ ಪ್ರವೇಶ.

ಕಮಾನಿನ ನೆರಳು ದಾಟಿ ಹಲಗೆಯ ಮೇಲೆ ಕಾಲಿಟ್ಟೆ. ತಂಬಗದ ಮರ. ನಮ್ಮ ಕಡೆ ಕಿರಾಲುಬೋಗಿ ಎನ್ನುವ ಅದೇ ಜಾತಿ: ನೀರಿಗೆ ಬಗ್ಗದು, ಗೆದ್ದಲಿಗೆ ಬೇಗ ಸೋಲದು, ಕೊರೆಯಲು ಹೋದರೆ ಬಡಗಿಯ ಕೈ ಸೋಲುತ್ತದೆ. ಕೂತು ಅಂಗೈಯಿಂದ ಸವರಿದೆ. ಬಿಸಿಲು ಮಳೆಗೆ ಮೇಲ್ಮೈ ಬೂದಿಬಣ್ಣಕ್ಕೆ ತಿರುಗಿ ಎಳೆಗಳು ಎದ್ದು ನಿಂತಿದ್ದವು. ಹಲಗೆ ಹಲಗೆಯ ನಡುವಿನ ಸಂದಿನಲ್ಲಿ ಕೆಳಗೆ ಹೊಳೆ ಹರಿಯುವುದು ಪಟ್ಟಿಪಟ್ಟಿಯಾಗಿ ಕಾಣುತ್ತಿತ್ತು. ಶಾಲೆಯ ಮಕ್ಕಳ ಗುಂಪೊಂದು ಓಡಿಬಂದಾಗ ಪಾದದಡಿ ಸಣ್ಣ ಅದುರು ಬಂತು. ಅಡಿಕೆ ಮರದ ಸಂಕ ದಾಟಿ ಶಾಲೆಗೆ ಹೋಗುತ್ತಿದ್ದ ನನ್ನಂಥವನಿಗೆ ಆ ಅದುರು ಹಳೇ ಪರಿಚಯದ್ದು. ಕಾಡಿನ ಕಡೆಯಿಂದ ಬರುತ್ತಿದ್ದ ಪ್ರಾಣಿಗಳು ಈ ಅದುರಿಗೆ ಹೆದರಿ ಹಿಂದಿರುಗುತ್ತಿದ್ದವು ಎಂದು ಊರವರು ಹೇಳುತ್ತಾರೆ. ಇನ್ನೊಂದು ಕತೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಜನ ಹತ್ತಲು ಅಂಜಿದಾಗ ಹೆನ್ರಿ ಆರು ಆನೆಗಳನ್ನು ಮೇಲೆ ನಡೆಸಿ, ಹೆಂಡತಿ ಮಕ್ಕಳೊಂದಿಗೆ ಕೆಳಗೆ ದೋಣಿಯಲ್ಲಿ ಹಾದುಹೋದನಂತೆ.

ಕಬ್ಬಿಣ, ಕಲ್ಲು ಒಮ್ಮೆ ನಿಲ್ಲಿಸಿದರೆ ತಲೆಮಾರುಗಳ ಕಾಲ ನಿಲ್ಲುತ್ತವೆ. ಮರ ಹಾಗಲ್ಲ, ಬಿಸಿಲು ಮಳೆಗೆ ಮೈಯೊಡ್ಡಿದ ಹಲಗೆ ಎಷ್ಟೇ ಗಟ್ಟಿಯಾದರೂ ಒಂದು ದಿನ ಬದಲಾಗಲೇಬೇಕು. ಇಲ್ಲಿ ಕಾಲಕಾಲಕ್ಕೆ ದುರಸ್ತಿ ನಡೆದಿದೆ, ಹಲಗೆಗಳು ಬದಲಾಗಿವೆ. ಅದಕ್ಕೇ ಸುಮಾರು ಒಂದೂವರೆ ಶತಮಾನದ ಹಿಂದಿನ ಸೇತುವೆಯ ಮೇಲೆ ಇವತ್ತು ಮಕ್ಕಳು ಓಡಬಹುದು. ಹೂಳೆತ್ತಿ, ಚರಂಡಿ ನೀರು ತಡೆದು ನೋಡಿಕೊಂಡಿದ್ದರೆ ಪುತ್ತನಾರಿನಲ್ಲಿ ಇವತ್ತಿಗೂ ದೋಣಿ ಓಡಾಡುತ್ತಿತ್ತು. ರಾಣಿ ಕಟ್ಟಿಸಿಕೊಟ್ಟ ಕಾಲುವೆಯನ್ನು ನಗರ ಕೈಬಿಟ್ಟಿತು. ಈ ಪುಟ್ಟ ಪೇಟೆ ತನ್ನ ಸೇತುವೆಯನ್ನು ಬಿಡಲಿಲ್ಲ. ಇದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು.

ಆಚೆ ದಡದ ಕಮಾನಿನ ಕೆಳಗೆ ಒಬ್ಬ ಹಿರಿಯರು ಕೂತಿದ್ದರು. ಮಲಯಾಳದಲ್ಲಿ ಮಾತಿಗೆಳೆದೆ. ಚಿಕ್ಕಂದಿನಲ್ಲಿ ಇದೇ ಹಲಗೆಗಳ ಮೇಲೆ ಬಸ್ಸಿನಲ್ಲಿ ದಾಟಿದ್ದನ್ನು ನೆನೆದರು. ಆ ಸದ್ದು ಮನೆಯವರೆಗೂ ಕೇಳುತ್ತಿತ್ತಂತೆ. ಸರಪಣಿಯ ತುದಿ ನೆಲದೊಳಗಿನ ಬಾವಿಯಲ್ಲಿ ಬಿಗಿದುಕೊಂಡಿದೆ ಎಂದು ಅದು ಇಳಿಯುವ ಜಾಗಕ್ಕೆ ಕರೆದುಕೊಂಡು ಹೋಗಿ ಕೈಮಾಡಿ ತೋರಿಸಿದರು. ಆಮೇಲೆ, ಕಾಸರಗೋಡಿನಿಂದ ಇಷ್ಟು ದೂರ ಬಂದವನು ಒಂದೇ ಬದಿ ನೋಡಿ ಹೋಗುವುದು ಸರಿಯಲ್ಲ, ಹೊಳೆಗೆ ಇಳಿದು ಅಡಿಯಿಂದಲೂ ನೋಡಬೇಕು ಎಂದು ಕೋಲೂರಿಕೊಂಡು ಮುಂದೆ ನಡೆದರು.